ವಾರಗಿತ್ತಿಯ ಸೇತುವೆಗೆ ಅಂಚು ಮಡಿಸಿ ಕೊಡಿ

ಸೇತುವೆ ವಿಭಾಗದ ಮುಖ್ಯ ಇಂಜಿನಿಯರರೇ,

ರೈಲು ನಿಲ್ದಾಣದ ಹೊಸ ಮೇಲ್ಸೇತುವೆಯ ತೊಲೆಗಳಿಂದ ಅಂಚಿನ ಮಡಿಕೆಯನ್ನು ತಾವು ತೆಗೆಸಿಹಾಕಿದ್ದೀರಿ. ಅದು ಅಪಾಯವೆಂದು ನಾನು ಕೊಟ್ಟ ದೂರನ್ನು ‘ಅಸೂಯೆಪ್ರೇರಿತ’ ಎಂದು ಷರಾ ಬರೆದು ವಜಾ ಮಾಡಿದ್ದೀರಿ. ಷರಾ ನಿಜ. ವಜಾ ಮಾತ್ರ ತಪ್ಪು.

ಹೌದು, ನನಗೆ ಅಸೂಯೆ. ಆ ಸೇತುವೆಯ ವಿನ್ಯಾಸ ನನ್ನ ವಾರಗಿತ್ತಿಯದು. ಒಂದೇ ಮನೆಯ ಇಬ್ಬರು ಸೊಸೆಯರು, ಇಬ್ಬರೂ ಇಂಜಿನಿಯರರು, ಇಬ್ಬರೂ ಸ್ಪರ್ಧೆಗೆ ನಕ್ಷೆ ಕಳಿಸಿದೆವು. ಬಹುಮಾನ ಬಂದದ್ದು ಅವಳಿಗೆ. ಅಂದಿನಿಂದ ಅತ್ತೆಯದು ಒಂದೇ ರಾಗ: “ಚಿಕ್ಕವಳಾದ್ರೂ ಎಷ್ಟು ಚುರುಕು ನೋಡೇ!” ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಒಂದಾದರೂ ಹುಳುಕು ಸಿಗಲೆಂದು ರಜೆ ಹಾಕಿ ಕೂತು ಅವಳ ಲೆಕ್ಕವನ್ನೆಲ್ಲ ಮತ್ತೆ ಮಾಡಿದೆ. ಸಿಗಲಿಲ್ಲ. ಆ ಸಂಕಟ ತಮಗೆ ಅರ್ಥವಾಗದು, ಬಿಡಿ.

ಅವಳು ಬಳಸಿದ್ದು ಅಧಿಕ ಬಲದ ಉಕ್ಕಿನ ಚಾನೆಲ್‌ಗಳನ್ನು, ಅಂದರೆ ಮೂರು ಕಡೆ ಮುಚ್ಚಿ ಒಂದು ಕಡೆ ತೆರೆದ ತೊಲೆಗಳನ್ನು. ಉಕ್ಕಿನ ಬಲ ಹೆಚ್ಚಿದ್ದರಿಂದ ಹಾಳೆ ತೆಳುವಾಯಿತು, ತೂಕ ಇಳಿಯಿತು. ಆದರೆ ಬಲದ ಜೊತೆ ಉಕ್ಕಿನ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ಹೆಚ್ಚುವುದಿಲ್ಲ. ರೈಲಿಳಿದ ಜನ ಒಮ್ಮೆಲೇ ಮೇಲೇರಿದಾಗ ತೆಳು ಅಂಚು ಸುಕ್ಕುಗಟ್ಟುತ್ತದೆ, ಆಮೇಲೆ ತೊಲೆಯೇ ತಿರುಚಿಕೊಳ್ಳುತ್ತದೆ. ಅದಕ್ಕೇ ಅವಳು ಅಂಚನ್ನು ಒಳಕ್ಕೆ ಮಡಿಸಿದ್ದಳು. ತಮ್ಮ ಊಟದ ತಟ್ಟೆಯ ಅಂಚು ಮಡಿಸಿರುವುದು ಬರೀ ಅಂದಕ್ಕೆಂದು ತಿಳಿದಿದ್ದೀರಾ? “ಉಕ್ಕು ಗಟ್ಟಿಯಿರುವುದರಿಂದ ಮಡಿಕೆ ಅನಗತ್ಯ” ಎಂದಿತಂತೆ ತಮ್ಮ ಕಚೇರಿ. ಎಂಥ ಪಾಂಡಿತ್ಯ!

ತೊಲೆಗಳು ಬಂದಿಳಿದ ದಿನ, ಇನ್ನಾದರೂ ತಪ್ಪು ಸಿಕ್ಕೀತೆಂದು ನೋಡಲು ಹೋಗಿದ್ದೆ. ಅಂಚು ಬೋಳಾಗಿತ್ತು. ಒಂದು ಕ್ಷಣ ಖುಷಿಯಾಯಿತು, ಸುಳ್ಳೇಕೆ ಹೇಳಲಿ? ಮನೆಗೆ ಬಂದು ಅವಳನ್ನು ಹಿಡಿದು ಕೇಳಿದೆ.

“ನಾನು ಬೇಡ ಅಂತ ಬಡ್ಕೊಂಡೆ ಅಕ್ಕಾ. ‘ಬಹುಮಾನ ಬಂತಲ್ಲಮ್ಮಾ, ಇನ್ನೇನು ನಿನ್ ತಕರಾರು’ ಅಂತ ಕಳಿಸ್ಬಿಟ್ರು,” ಎಂದವಳೇ ಒಲೆಯ ಮುಂದೆ ನಿಂತು ಅತ್ತುಬಿಟ್ಟಳು.

ಬಹುಮಾನ ಬಂದಿದೆಯೆಂದು ಅವಳ ಮಾತು ಕೇಳಲಿಲ್ಲ. ಬಂದಿಲ್ಲವೆಂದು ನನ್ನ ಮಾತು ಕೇಳಲಿಲ್ಲ. ಹಾಗಾದರೆ ತಾವು ಕೇಳುವುದು ಯಾರ ಮಾತನ್ನು?

ಉದ್ಘಾಟನೆ ನಿಲ್ಲಿಸಿ. ಆ ತೊಲೆಗಳನ್ನು ಇಳಿಸಿ, ಅವಳ ನಕ್ಷೆಯಲ್ಲಿರುವಂತೆ ಅಂಚು ಮಡಿಸಿದ ತೊಲೆಗಳನ್ನು ಕೂರಿಸಿ. ಬೇಕಾದರೆ ಅವಳ ಹೆಸರನ್ನು ದೊಡ್ಡದಾಗಿ ಕೆತ್ತಿಸಿ. ನಾನು ದಿನಾ ಹಲ್ಲು ಕಚ್ಚಿಕೊಂಡು ಅದರ ಮೇಲೆಯೇ ಕೆಲಸಕ್ಕೆ ಹೋಗುತ್ತೇನೆ. ಜೀವಮಾನವಿಡೀ ಹೊಟ್ಟೆ ಉರಿದುಕೊಳ್ಳಲು ನನಗೆ ಆ ಸೇತುವೆ ನಿಂತಿರಬೇಕು.

ಇಂತಿ,
ಎರಡನೇ ಬಹುಮಾನವೂ ಸಿಗದ
ಹಿರಿಯ ಸೊಸೆ