ಬೀಗರು ಕೊಟ್ಟ ಬಿಳಿ ಗಾಡಿ

ಸುರಪುರ
9-2-1998, ಸೋಮವಾರ

ಚಿ. ಸೌ. ರೇಣಮ್ಮಳಿಗೆ ನಿನ್ನ ಅವ್ವ ಮಾನಮ್ಮ ಮಾಡುವ ಮನಸಾರೆ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆಯುವುದಿಲ್ಲ. ನಿಮ್ಮಪ್ಪ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಮಲಗಿದ್ದಾರೆ, ನನ್ನ ಹಣೆ ಬಾರೆಹಣ್ಣಿನ ಹಾಗೆ ಊದಿದೆ, ನಿನ್ನ ಮಾವ ಮಾರಿದ ಕಾರು ನಮ್ಮ ಓಣಿಯ ಮಜೀದಾಳ ಮನೆಯ ಮುಂದೆ ಹೊಟ್ಟೆ ಬಗೆಸಿಕೊಂಡು ನಿಂತಿದೆ.

ನಿಮ್ಮ ಮನೆಗೆ ಬಂದ ಕಾಗದವನ್ನೆಲ್ಲ ಪಡಸಾಲೆಯಲ್ಲಿ ಕೂತು ನಿನ್ನ ಕೈಯಲ್ಲೇ ಓದಿಸುತ್ತಾರೆಂದು ನನಗೆ ಗೊತ್ತು. ನಿನ್ನ ಅತ್ತೆಗೆ ಅಕ್ಷರ ಬಾರದು, ಮಾವನಿಗೆ ಕನ್ನಡಕ ಹುಡುಕುವ ಬೇಸರ. ಬಹಳ ಒಳ್ಳೆಯದಾಯಿತು. ಹೆಣ್ಣು ಕೊಟ್ಟವರು ಬೀಗರೆದುರು ಬಾಯಿ ಬಿಡಬಾರದಂತೆ; ಮಗಳಿಗೆ ಕಾಗದ ಬರೆಯಬಾರದೆಂದು ಯಾರೂ ಹೇಳಿಲ್ಲ. ಓದು ಮಗಳೇ, ಗಟ್ಟಿಯಾಗಿ ಓದು. ಎಲ್ಲಿಯೂ ತಡವರಿಸಬೇಡ. ನಿನ್ನ ಅತ್ತೆ ದೇವಕಮ್ಮನವರಿಗೆ ಎಡಗಿವಿ ಮಂದ, ಬಲಗಡೆ ಸರಿದು ಕೂತುಕೋ.

ನಮಗೆ ಗಾಡಿ ಯಾಕೆ ಬೇಕಾಗಿತ್ತು? ನಿನಗಾಗಿ. ಏಳು ತಿಂಗಳ ಬಸುರಿಯನ್ನು ಶಹಾಪುರದಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ತರಬಾರದು, ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದರೆ ಗಾಡಿಗಾಗಿ ಇನ್ನೊಬ್ಬರ ಬಾಗಿಲು ಬಡಿಯಬಾರದು ಎಂದು. ನಿಮ್ಮಪ್ಪ ನಾರಾಯಣಪುರದ ಕಾಲುವೆಯ ಗೇಟು ಏರಿಸಿ ಇಳಿಸಿ ಸವೆದವರು, ಇಲಾಖೆಯ ಜೀಪಿನಲ್ಲೇ ಗಾಡಿ ಕಲಿತವರು. ಒಂದು ಹಳೆಯ ಅಂಬಾಸಿಡರ್ ಇಟ್ಟುಕೊಳ್ಳಬೇಕೆಂಬ ಆಸೆ ಅವರಿಗೂ ಇತ್ತು ಅನ್ನು. ಈ ಸುದ್ದಿ ನಿನ್ನ ಮಾವನ ಕಿವಿಗೆ ಬಿತ್ತು. "ಹೊರಗ ಯಾಕ ಹುಡುಕ್ತೀರಿ ಬೀಗರ? ನಮ್ಮ ಗಾಡಿನ ತಗೊಳ್ರಿ. ನಮ್ಮ ಸೊಸಿ ಕುಂತು ಬರೂ ಗಾಡಿ, ಅದರಾಗ ಮೋಸ ಮಾಡ್ತೀವೇನ್ರಿ?" ಎಂದು ಮಹಾದೇವಪ್ಪನವರು ತಾವೇ ನಮ್ಮ ಮನೆಗೆ ಬಂದು ಹೇಳಿದರು. ರೇಣು, ಆ ಮಾತನ್ನು ಇನ್ನೊಂದು ಸಲ ಓದು.

ಮಜೀದಾಳ ಗಂಡ ಗಾಡಿ ರಿಪೇರಿ ಮಾಡುವವನು, ಅವನನ್ನು ಜೊತೆಗೆ ಕರೆದುಕೊಂಡು ಹೋಗೋಣ, ಒಮ್ಮೆ ನೋಡಲಿ ಎಂದು ನಾನು ಬಾಯಿ ಬಡಿದುಕೊಂಡೆ. ನಿಮ್ಮಪ್ಪ ಕಣ್ಣು ಕೆಂಪಗೆ ಮಾಡಿದರು. "ಬೀಗರ ಗಾಡಿ ಬಾನೆಟ್ ಎತ್ತಿ ನೋಡೂದಂದ್ರ ಬೀಗರ ಬಾಯಾಗ ಕೈ ಹಾಕಿ ಹಲ್ಲು ನೋಡಿದಂಗ. ಎತ್ತು ಕೊಳ್ಳಾಕ ಹೊಂಟೀವೇನ?" ಅಂದರು. ಹೀಗೆ ಮರ್ಯಾದೆ ಗೆದ್ದಿತು. ಗುರುವಾರ ನಿಮ್ಮ ಅಂಗಳದಲ್ಲಿ ನಿಮ್ಮಪ್ಪ ಗಾಡಿಯ ಸುತ್ತ ಒಂದು ಸುತ್ತು ಸಹ ಹಾಕಲಿಲ್ಲ, ಕೈಮುಗಿದು ಕೀಲಿ ಇಸಿದುಕೊಂಡರು.

ನನ್ನ ಬೀಗತಿಯ ಭಕ್ತಿಯನ್ನೂ ಬರೆಯಬೇಕು. ಬಾನೆಟ್ಟಿಗೆ ಕುಂಕುಮ, ಕನ್ನಡಿಗೆ ನಿಂಬೆಹಣ್ಣು, ಕಿಟಕಿ ಮುಚ್ಚಿದ ಗಾಡಿಯೊಳಗೆ ಕಟ್ಟುಗಟ್ಟಲೆ ಊದುಬತ್ತಿ. ಎಂಥ ದೈವವಂತಿ ಎಂದು ನಾನು ನಿಂತಲ್ಲೇ ನಮಸ್ಕಾರ ಮಾಡಿದೆ. ಹತ್ತಿಗೂಡೂರು ದಾಟುವುದರೊಳಗೆ ಆ ಘಮ ಹಾರಿಹೋಗಿ ಕೊಳೆತ ಕೆಸರಿನ ನಾತ ಎದ್ದಿತು. ಅದರ ಹಿಂದೆಯೇ ಹೊಗೆ. ನಿಮ್ಮಪ್ಪ ಅಲ್ಲಲ್ಲಿ ನಿಲ್ಲಿಸಿ ನೀರು ಹಾಕಿದರು. "ಹಳೀ ಗಾಡಿ ಅಲ್ಲೇನು, ಬಿಸಿ ಆಗ್ತೈತಿ" ಅಂದರು. ಬೀಗರ ಗಾಡಿಯನ್ನು ಆಗಲೂ ಬಯ್ಯಲಿಲ್ಲ.

ನಮ್ಮೂರ ಗುಡ್ಡದ ಇಳಿಜಾರು ನಿನಗೆ ಗೊತ್ತಲ್ಲ, ಅಲ್ಲಿ ಬ್ರೇಕು ತುಳಿದರು. ಕಾಲು ತಳ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಎದುರಿಗೆ ಶಾಲೆ ಬಿಟ್ಟ ಮಕ್ಕಳು ರಸ್ತೆ ತುಂಬ ಬರುತ್ತಿದ್ದರು. ಅಯ್ಯೋ ಶಿವನೇ ಎಂದು ನಾನು ಕಣ್ಣು ಮುಚ್ಚಿದೆ. ನಿಮ್ಮಪ್ಪ ಸ್ಟೇರಿಂಗು ಎಳೆದು ಬದಿಯ ಹೊಲದಲ್ಲಿದ್ದ ಜೋಳದ ಕಣಿಕೆಯ ಬಣವೆಗೆ ನುಗ್ಗಿಸಿದರು. ಯಾವ ಪುಣ್ಯವಂತ ಆ ಬಣವೆ ಒಟ್ಟಿದ್ದನೋ, ಅವನ ಹೊಟ್ಟೆ ತಣ್ಣಗಿರಲಿ.

ಗಾಡಿಗೆ ಎತ್ತು ಹೂಡಿ ಎಳೆದು ತಂದರು, ಇಡೀ ಬಜಾರು ನೋಡಿತು. ಮಜೀದಾಳ ಗಂಡ ಬಿಚ್ಚಿದ. ಎಂಜಿನ್ನಿನ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನ ತಲೆಯೇ ಸೀಳಿದೆಯಂತೆ, ಅದಕ್ಕೆ ಏನೋ ಅಂಟು ಮೆತ್ತಿ ಮೇಲೆ ಬಣ್ಣ ಬಳಿದಿದ್ದಾರೆ. ಬ್ರೇಕಿನ ಕೊಳವೆಗಳನ್ನು ತುಕ್ಕು ತಿಂದು ಹಾಕಿದೆ. "ಅಕ್ಕಾ, ಈ ಗಾಡಿ ನೀರಾಗ ಮುಳುಗಿ ಎದ್ದೈತ್ರಿ. ನೀವು ಇಬ್ಬರೂ ಜೀವಂತ ಬಂದೀರಿ, ಅದ ಖರೆ ಅಜಬ್" ಅಂದ. ಹಿಂದಿನ ಸೀಟು ಕಿತ್ತರೆ ಅದರಡಿ ಒಣಗಿದ ಹೂಳು, ಹೂಳಿನಲ್ಲಿ ಸಣ್ಣ ಸಣ್ಣ ಬಸವನಹುಳದ ಚಿಪ್ಪು. ನಿಮ್ಮಪ್ಪ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿದರು. "ಇದು ನಮ್ಮ ಕಾಲುವಿ ಹೂಳು" ಅಂದವರೇ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಿ ನನಗೆ ಬಯ್ಯಲು ಮನಸ್ಸಾಗಲಿಲ್ಲ.

ನಿಮ್ಮಪ್ಪನ ಜೊತೆ ಕೆಲಸ ಮಾಡಿದ ತಿಮ್ಮಣ್ಣ ಈಗ ಶಹಾಪುರದ ಕಡೆಯ ಕಾಲುವೆಯಲ್ಲಿದ್ದಾನೆ. ನಿನ್ನೆ ಕರೆಸಿ ಕೇಳಿದೆವು. ಬಿಳಿ ಗಾಡಿ ಅನ್ನುತ್ತಲೇ ತಲೆ ತಗ್ಗಿಸಿದ. ದಸರಾ ಮುಗಿದ ವಾರ ನಿಮ್ಮ ಗಾಡಿ ತಿರುವಿನಲ್ಲಿ ಕಾಲುವೆಗೆ ಬಿದ್ದಿತ್ತಂತೆ. ಗೇಟು ಇಳಿಸಿ ನೀರು ಕಡಿಮೆ ಮಾಡಿ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದರಂತೆ. ಹೊರಗೆ ಮಾತು ಹೋಗಬಾರದೆಂದು ಮಹಾದೇವಪ್ಪನವರು ಎಲ್ಲರ ಕೈ ಹಿಡಿದು ಕೇಳಿಕೊಂಡರಂತೆ. ಒಳಗೆ ಯಾರಿದ್ದರೆಂದು ತಿಮ್ಮಣ್ಣ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾಪ, ನಿನಗೆ ಇದೊಂದೂ ತಿಳಿದಿರಲಿಕ್ಕಿಲ್ಲ.

ಈಗ ನನ್ನ ಬೀಗರು ಕೇಳಿಸಿಕೊಳ್ಳಲಿ. ಮುಳುಗಿದ ಗಾಡಿಯನ್ನು ಗುರುತಿಲ್ಲದವನಿಗೆ ಮಾರಿದ್ದರೆ ಅದನ್ನು ವ್ಯಾಪಾರ ಅನ್ನಬಹುದಿತ್ತು, ಕೆಟ್ಟ ವ್ಯಾಪಾರ ಅನ್ನುತ್ತಿದ್ದೆ ಅಷ್ಟೇ. ನೀವು ಮಾರಿದ್ದು ನಿಮ್ಮ ಸೊಸೆ ಕೂರುವ ಗಾಡಿಯನ್ನು! ನಿಮ್ಮ ಮೊಮ್ಮಗು ಬರಬೇಕಾಗಿದ್ದ ಗಾಡಿಯನ್ನು! ಗುರುವಾರದ ಬದಲು ಮುಂದಿನ ವಾರ ಬ್ರೇಕು ಹೋಗಿದ್ದರೆ ಆ ಇಳಿಜಾರಿನಲ್ಲಿ ಯಾರಿರುತ್ತಿದ್ದರು? ಗುರುವಾರ ನಮಗೆ ಬಡಿಸಿದ ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗಲಾದರೂ ಒಂದು ಮಾತು ಹೇಳಬಾರದಿತ್ತೇ ದೇವಕಮ್ಮ? ಭರೋಸಾ ಭರೋಸಾ ಎಂದು ಎದೆ ತಟ್ಟಿಕೊಂಡಿರಲ್ಲ ಮಹಾದೇವಪ್ಪನವರೇ, ನಾಲಿಗೆ ಹೇಗೆ ಹೊರಳಿತು?

ನಿಮ್ಮಪ್ಪ ಮಲಗಿದಲ್ಲಿಂದಲೇ ಹೇಳುತ್ತಿದ್ದಾರೆ: "ಸುಮ್ಮನಿರು ಮಾನಿ. ಅವರು ಸಿಟ್ಟಾದ್ರ ಮಗಳನ್ನ ಕಳಸೂದಿಲ್ಲ. ಹೆರಿಗಿ ಮುಗಿಲಿ, ಆಮ್ಯಾಲ ನೋಡೂಣು." ಅವರ ಹೆದರಿಕೆ ಸುಳ್ಳಲ್ಲ. ಈ ಕಾಗದದಿಂದ ನಿನ್ನ ಬಾಣಂತನ ನನ್ನ ಕೈತಪ್ಪಬಹುದು. ಅದನ್ನು ನೆನೆದರೆ ಪೆನ್ನು ಕೆಳಗಿಡೋಣ ಅನಿಸುತ್ತದೆ. ಆದರೆ ಇಂಥ ಗಾಡಿಯಲ್ಲಿ ನಿನ್ನನ್ನು ಕೂರಿಸಲು ತಯಾರಾಗಿದ್ದ ಮನೆಯಲ್ಲಿ ನಿನ್ನನ್ನು ಇನ್ನೂ ಬಿಟ್ಟು ನಾನು ಹೇಗೆ ಕಣ್ಣು ಮುಚ್ಚಲಿ?

ಹಣದ ಮಾತು ಗಂಡಸರು ಆಡಿಕೊಳ್ಳಲಿ. ನನ್ನದು ಇಷ್ಟೇ. ಬರುವ ಸೋಮವಾರ ನಾನು ಮೊದಲನೆಯ ಬಸ್ಸಿಗೆ, ಬಸುರಿಗೆ ತವರಿನವರು ತರುವ ಕುಬಸದ ಬುಟ್ಟಿ ಹೊತ್ತು ಬರುತ್ತೇನೆ. ಎರಡು ಬುಟ್ಟಿ. ಒಂದರಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹಸಿರು ಖಣ, ಹಸಿರು ಬಳೆ. ಇನ್ನೊಂದರಲ್ಲಿ ಆ ಸೀಟಿನಡಿಯ ಹೂಳು. ತವರಿನ ಬುಟ್ಟಿಯನ್ನು ಓಣಿಯ ಹೆಂಗಸರ ಮುಂದೆ ಬಿಚ್ಚಿ ತೋರಿಸುವುದು ಪದ್ಧತಿ. ಮಗಳನ್ನು ನಗುನಗುತ್ತ ಕಳಿಸಿದರೆ ಮೊದಲನೆಯದನ್ನು ಬಿಚ್ಚುತ್ತೇನೆ. ಇಲ್ಲವೆಂದರೆ ನಿಮ್ಮ ಕಟ್ಟೆಯ ಮೇಲೆ ಕೂತು ಎರಡನೆಯದನ್ನು ಬಿಚ್ಚಿ, ಇದು ಎಲ್ಲಿಯದು ಎಂದು ಬಂದವರಿಗೆಲ್ಲ ಕೂಗಿ ಹೇಳುತ್ತೇನೆ. ಯಾವುದನ್ನು ಬಿಚ್ಚಬೇಕೆಂದು ಬೀಗರೇ ಕೂತು ಯೋಚಿಸಲಿ.

ಇಂತಿ ನಿನ್ನ ಅವ್ವ,
ಮಾನಮ್ಮ

ತಾ.ಕ.: ಇಲ್ಲಿಂದ ಗಟ್ಟಿಯಾಗಿ ಓದಬೇಡ. "ಮುಗೀತ್ರಿ ಅತ್ತಿ" ಎಂದು ಹೇಳಿ, ಕಾಗದ ಮಡಚಿ ಒಳಗೆ ಹೋಗು. ಇದು ನಿನಗೊಬ್ಬಳಿಗೆ. ಓದಿ ಒಲೆಗೆ ಹಾಕು.

ಆ ಹೂಳನ್ನು ನಾನೇ ಕೈಯಿಂದ ಬಗೆದು ಬುಟ್ಟಿಗೆ ತುಂಬಿದೆ ರೇಣು. ಅದರಲ್ಲಿ ನಿನ್ನ ಜುಮಕಿ ಸಿಕ್ಕಿತು. ಮದುವೆಗೆ ನಾನು ಮಾಡಿಸಿದ್ದು, ಕೆಂಪು ಹರಳಿನದು. ದೀಪಾವಳಿಗೆ ನೀನು ಬರಿಗಿವಿಯಲ್ಲಿ ಬಂದಿದ್ದೆ. ಒಂದು ಜುಮಕಿ ಹತ್ತಿ ಬಿಡಿಸುವಾಗ ಹೊಲದಲ್ಲಿ ಬಿತ್ತು ಅಂದೆ. ಮೊಣಕೈಗೆ ಬಟ್ಟೆ ಕಟ್ಟಿಕೊಂಡಿದ್ದೆ. ಬಚ್ಚಲಲ್ಲಿ ಜಾರಿದೆ ಅಂದೆ. ಆಗ ನೀನು ಮೂರು ತಿಂಗಳ ಬಸುರಿ. ಸೀಟಿನ ಮೇಲೆ ನೀರು ಏರುವಾಗ ನನ್ನ ಕೂಸು ಯಾರನ್ನು ಕೂಗಿತೋ ಎಂದು ನೆನೆದು ನೆನೆದು ಸಾಯುತ್ತಿದ್ದೇನೆ.

ಗುರುವಾರ ಅಡುಗೆಮನೆಯಲ್ಲಿ ನೀನು ನನ್ನ ಸೆರಗು ಹಿಡಿದು "ಅವ್ವಾ, ನಿನ್ನ ಕಾಲಿಗೆ ಬೀಳ್ತೀನಿ, ಇವತ್ತ ಬಸ್ಸಿಗೆ ಹೋಗ್ರಿ" ಅಂದೆ. ಬಸುರಿಯ ಹುಚ್ಚು ಎಂದು ನಾನು ನಿನ್ನನ್ನೇ ಗದರಿಸಿದೆ. ಆ ಮಾತನ್ನು ಮೇಲೆ ಬರೆದಿಲ್ಲ. ಬರೆದರೆ ಅವರು ನಿನ್ನನ್ನು ಸುಮ್ಮನೆ ಬಿಡುತ್ತಾರೆಯೇ? ಜುಮಕಿಯ ಸುದ್ದಿ ನಿಮ್ಮಪ್ಪನಿಗೂ ಗೊತ್ತಿಲ್ಲ. ಗೊತ್ತಾದರೆ ಆ ಸೊಂಟನೋವಿನಲ್ಲೇ ಎದ್ದು ಶಹಾಪುರಕ್ಕೆ ಬರುತ್ತಾರೆ.

ಗಾಡಿ ನಡೆಸಿದ್ದು ನಿನ್ನ ಗಂಡನೋ ಮಾವನೋ, ಯಾರು ನಿನ್ನ ಬಾಯಿ ಕಟ್ಟಿದರೋ, ನಾನು ಕೇಳುವುದಿಲ್ಲ. ನಿನಗೆ ಹೇಳಬೇಕೆನಿಸಿದ ದಿನ ಹೇಳು. ಸೋಮವಾರ ಉಟ್ಟ ಸೀರೆಯಲ್ಲೇ ಹೊರಟು ಬಾ, ಬಟ್ಟೆಬರೆ ಇಲ್ಲೇ ಆದೀತು. ಒಂಟಿ ಉಳಿದಿರುವ ಜುಮಕಿಯನ್ನು ಮಾತ್ರ ಮರೆಯಬೇಡ. ಇನ್ನೊಂದನ್ನು ತೊಳೆದು ಇಟ್ಟಿದ್ದೇನೆ.