ಮೊದಲ ಬಹುಮಾನ ಪಡೆದ ಭಾಷಣಕ್ಕೆ ಉತ್ತರ

ತೇಲೂರು,
ಕಡಲೇರಿದ ಎಂಬತ್ತೊಂದನೆಯ ವರ್ಷ, ಎರಡನೆಯ ಮೀನುಬಿಡುವು

ಪ್ರೀತಿಯ ನಾಗಶ್ರೀ,

ಈ ತಾರೀಖು ನಿನಗೆ ವಿಚಿತ್ರವಾಗಿ ಕಾಣಬಹುದು; ನಿಮ್ಮ ಲೆಕ್ಕದಲ್ಲಿ ಇದು ೨೧೭೭. ನನ್ನ ಕೆಲವು ಮಾತುಗಳೂ ಹಾಗೆಯೇ ಕಂಡರೆ ಕ್ಷಮಿಸು. ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ಅಂಕೋಲೆಯ ಹೈಸ್ಕೂಲಿನ ಚರ್ಚಾಸ್ಪರ್ಧೆಗೆ ಭಾಷಣ ಬರೆದಾಗ ನಿನಗೆ ಹದಿನೈದು, ನನಗೀಗ ಎಪ್ಪತ್ತೆರಡು. ಆದ್ದರಿಂದ ಏಕವಚನದಲ್ಲೇ ಮಾತಾಡಿಸುತ್ತೇನೆ.

ಪ್ರಜಾಪ್ರಭುತ್ವವನ್ನು ಸೈನ್ಯದ ಬಲದಿಂದಲಾದರೂ ಬೇರೆ ದೇಶಗಳಿಗೆ ಹರಡಬೇಕು ಎಂದು ವಾದಿಸಿ ನೀನು ಮೊದಲ ಬಹುಮಾನ ಪಡೆದೆ. ಆ ಹಾಳೆಗಳನ್ನು ಇಷ್ಟು ತಲೆಮಾರು ಜೋಪಾನ ಮಾಡಿದ್ದೇವೆ. ಅಕ್ಷರ ಮುದ್ದಾಗಿದೆ. ಮೊನ್ನೆ ನನ್ನ ಮೊಮ್ಮಗಳು ಕಡಲಿ ಅದನ್ನು ಊರಸಭೆಯಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿದಳು. ನನಗೂ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ.

ತೇಲೂರೆಂದರೆ, ನಿಮ್ಮ ಅಂಕೋಲೆಯ ಮೇಲೆ ನೀರು ಬಂದ ನಂತರ ದೊಡ್ಡ ತೆಪ್ಪಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ಊರು. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಹಗ್ಗ ನೋಡುತ್ತೇವೆ, ಆಮೇಲೆ ಒಲೆ. ಬಸಳೆ ಡಬ್ಬಿಯಲ್ಲೇ ಹಬ್ಬುತ್ತದೆ. ಪರದೇಶಕ್ಕೆ ದಂಡು ಕಳಿಸಬೇಕೇ ಎಂಬ ಪ್ರಶ್ನೆ ಬಂದಾಗ ಮನೆಚೀಟಿ ಹಾಕುತ್ತೇವೆ: ಮನೆಗೊಂದೇ ಚೀಟಿ, ಬರೆಯುವವಳು ಮನೆಯ ಹಿರಿಯಳು. ಬೇಡವೆಂದರೆ ಖಾಲಿ ಹಾಕಬಹುದು. ಬೇಕೆಂದರೆ ತನ್ನ ಮನೆಯಿಂದ ಹೋಗುವವರ ಹೆಸರು ಬರೆಯಲೇಬೇಕು.

ಆಚೆ ತೀರದ ಸೆಲ್ಮಾರ್ ನಾಡಿನಲ್ಲಿ ದೊರೆ ಚುನಾವಣೆ ನಿಲ್ಲಿಸಿದ್ದಾನೆ, ಎದುರು ಮಾತಾಡಿದವರನ್ನು ಸೆರೆಯಲ್ಲಿಟ್ಟಿದ್ದಾನೆ. ಅಲ್ಲಿಂದ ಕೆಲವರು ನಮ್ಮನ್ನು ಕರೆದಿದ್ದಾರೆ. ನಾಳೆ ಚೀಟಿ. ಇಪ್ಪತ್ತರ ಕಡಲಿ ತನ್ನ ಹೆಸರು ಬರೆಯೆಂದು ಹಟ ಹಿಡಿದಿದ್ದಾಳೆ.

“ನೀ ಹೋಗಿದ್ದೆಯಲ್ಲ ಅಜ್ಜಿ. ಆ ಪದಕ ಗೋಡೆಗೆ ತೂಗಹಾಕೂಕೆ ಮಾತ್ರವಾ?” ಎಂದು ನಿನ್ನೆ ಊಟದ ಹೊತ್ತಿಗೆ ಚುಚ್ಚಿದಳು.

“ಗಂಜಿ ಆರ್ತದೆ, ಉಣ್ಣು,” ಎಂದೆ.

ಹೋಗಿದ್ದೆ. ಅವಳದೇ ವಯಸ್ಸಿನಲ್ಲಿ, ಬೇರೊಂದು ನಾಡಿಗೆ. ಅಲ್ಲಿಯ ದೊರೆಯನ್ನು ಹನ್ನೊಂದೇ ದಿನದಲ್ಲಿ ಓಡಿಸಿದೆವು. ಮರುತಿಂಗಳು ಬಂದೂಕು ಹಿಡಿದು ಕಾವಲು ನಿಂತು ಮತ ಹಾಕಿಸಿದೆವು. ಜನ ಶಿಸ್ತಾಗಿ ಸಾಲು ನಿಂತದ್ದು ಕಂಡು ನನ್ನ ಕಣ್ಣು ತುಂಬಿತು. ಮತ ಹಾಕಿದವರು ಮನೆಗೆ ಹೋಗದೆ, ಸೆರಗಿನಡಿಯಿಂದ, ಚೀಲದೊಳಗಿಂದ ಪಾತ್ರೆ ತೆಗೆದು ಮತಗಟ್ಟೆಯ ಹಿಂಬಾಗಿಲಲ್ಲಿ ಕಾದರು. ನಾವು ಹೋದಂದಿನಿಂದ ಅವರನ್ನು ಸಾಲು ನಿಲ್ಲಿಸಿದ್ದು ರೇಷನ್‌ಗೆ ಮಾತ್ರ. ಇದೂ ಅದೇ ಎಂದುಕೊಂಡಿದ್ದರು. ಒಬ್ಬ ಮುದುಕಿ ನನ್ನ ತೋಳು ಹಿಡಿದು ಕೇಳಿದ್ದನ್ನು ದುಭಾಷಿ ತಿಳಿಸಿದ: “ಯಾರ ಹೆಸರಿಗೆ ಗುರುತು ಹಾಕಿದರೆ ನೀವು ನಿಮ್ಮ ಮನೆಗೆ ಹೋಗ್ತೀರಿ, ಮಗಳೇ?”

ನಾವು ಮನೆಗೆ ಹೋದದ್ದು ಒಂಬತ್ತು ವರ್ಷದ ಮೇಲೆ. ನನ್ನ ಜೊತೆ ಬಂದಿದ್ದ ತಮ್ಮ ಅಲ್ಲೇ ಮಣ್ಣಾದ. ನಾವು ಊರಿಗೆ ಮರಳಲು ಹಡಗು ಹತ್ತಿದ ವರ್ಷವೇ ಹಳೆಯ ದೊರೆಯ ಅಳಿಯ ಗದ್ದುಗೆ ಏರಿದ.

ನಲವತ್ತಕ್ಕೂ ಹೆಚ್ಚು ವರ್ಷ ಎಲ್ಲರಿಗೂ ಪದಕ ತೋರಿಸಿದೆ. ಇದನ್ನು ಯಾರಿಗೂ ಹೇಳಲಿಲ್ಲ. ತಪ್ಪು ನಿನ್ನ ಭಾಷಣದ್ದಲ್ಲ ಕಂದಾ, ನನ್ನ ಬಾಯಿಯದು. ಸೆರೆಯಲ್ಲಿರುವವರಿಗಾಗಿ ನಿನ್ನ ಭಾಷಣದಲ್ಲಿ ಕಂಡ ಮರುಕ ನಿಜವಾದದ್ದು. ಅದೇ ಕಡಲಿಗೂ ಬಂದಿದೆ. ಸೆಲ್ಮಾರ್‌ನಿಂದ ತಪ್ಪಿಸಿಕೊಂಡು ಬಂದವರಿಗೆ ನಮ್ಮ ತೆಪ್ಪದಲ್ಲಿ ಎರಡು ಕೋಣೆ ತೆರವು ಮಾಡಿದ್ದೇನೆ. ಅಷ್ಟು ಸಾಲದೆಂದೂ ಬಲ್ಲೆ.

ಹಿಂದಕ್ಕೆ ಹೋಗುವ ಅಂಚೆ ನಮ್ಮ ಕಾಲದಲ್ಲೂ ಇಲ್ಲ. ಆದ್ದರಿಂದ ಈ ಕಾಗದವನ್ನು ಇವತ್ತೇ ಕಡಲಿಯ ಕೈಗೆ ಕೊಡುತ್ತೇನೆ. ನಾಳೆ ಚೀಟಿ ಖಾಲಿ ಹಾಕುತ್ತೇನೆ. ಅವಳು ಸಿಟ್ಟಾಗಲಿ. ಸಿಟ್ಟಾಗಿ ನನ್ನೆದುರಿಗೇ ಕೂತಿರಲಿ.

ನಿನ್ನ ಮೊಮ್ಮಗಳ ಮೊಮ್ಮಗಳು,
ವೈಜಯಂತಿ ಗಾಂವಕರ