ಗೋಡೆ ಇರಲಿ, ಅತ್ತೆ

ಅತ್ತೆ,

ಹತ್ತು ಗಂಟೆಗೆ ಮೇಸ್ತ್ರಿ ಸುತ್ತಿಗೆ ಹಿಡಿದು ಬರುತ್ತಾರೆ. ಟೀ ಕೊಟ್ಟು ವಾಪಸ್ ಕಳಿಸಿ. ಅಡುಗೆಮನೆ ಗೋಡೆ ಒಡೆಯುವುದು ಬೇಡ.

ಹೌದು, ಓಪನ್ ಕಿಚನ್ ಬೇಕು ಅಂತ ಒಂದು ತಿಂಗಳು ನಿಮ್ಮ ತಲೆ ತಿಂದವಳು ನಾನೇ. "ಒಗ್ಗರಣೆ ಹಾಕಿದ್ರೆ ಸೋಫಾನೂ ಸೀನುತ್ತೆ" ಅಂತ ನೀವು ಅಂದಾಗ ಮುಖ ಊದಿಸಿಕೊಂಡವಳೂ ನಾನೇ.

ಆದರೆ ನಿನ್ನೆ ಏನಾಯಿತು ನೋಡಿ. ನಿಮ್ಮ ಮಗ ಫೋನಿನಲ್ಲಿ ಮ್ಯಾನೇಜರಿಗೆ "ಸರಿ ಸರ್, ಆಯ್ತು ಸರ್" ಅನ್ನುವುದನ್ನು ನೀವು ಸೌಟು ಕಿವಿಗಿಟ್ಟುಕೊಂಡು ಅಣಕಿಸಿ ತೋರಿಸಿದಿರಿ. ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಹಾಲ್‌ನಿಂದ ಅವರು "ಏನಮ್ಮಾ ಅದು ಗಲಾಟೆ?" ಅಂದರು. "ಏನಿಲ್ಲ ಕಣೋ, ಹಾಲು ಉಕ್ಕಿತು" ಅಂದಿರಿ. ಒಲೆ ಮೇಲೆ ಹಾಲೇ ಇರಲಿಲ್ಲ!

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಆ ಗೋಡೆ ಬಿದ್ದರೆ ನಾವಿಬ್ಬರು ಎಲ್ಲಿ ನಗೋಣ? ಮದುವೆಯಾಗಿ ಬಂದ ಹೊಸತರಲ್ಲಿ ನಾನು ಅತ್ತಿದ್ದೂ ಅದರ ಹಿಂದೆಯೇ. ನೀವು ಏನೂ ಕೇಳದೆ ಈರುಳ್ಳಿ ಬುಟ್ಟಿ ತಂದು ನನ್ನ ಮುಂದಿಟ್ಟಿದ್ದಿರಿ, ಯಾರಾದರೂ ನೋಡಿದರೆ ನೆಪಕ್ಕೆ ಇರಲಿ ಅಂತ.

ಹೊಗೆಗೆ ಒಂದು ಫ್ಯಾನ್ ಹಾಕಿಸಿದರೆ ಸಾಕು. ಕುಕ್ಕರ್ ಇಟ್ಟಿದ್ದೇನೆ, ಮೂರು ಸೀಟಿಗೆ ಇಳಿಸಿ.

ವಾದದಲ್ಲಿ ನೀವೇ ಗೆದ್ದಿರಿ ಅಂತ ನಿಮ್ಮ ಮಗನಿಗೆ ಹೇಳಿ. ನಾನು ಸಂಜೆ ಮುಖ ಊದಿಸಿಕೊಂಡೇ ಬರುತ್ತೇನೆ.

ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಚೀಟಿಯನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದೇನೆ, ಅವರ ಕೈ ಜನ್ಮದಲ್ಲಿ ಅಲ್ಲಿಗೆ ಹೋಗಲ್ಲ. ಅಕಸ್ಮಾತ್ ಸಿಕ್ಕಿ, ಇದೇನು ಅಂತ ಕೇಳಿದರೆ, ಹಾಲು ಉಕ್ಕಿತು ಅಂದುಬಿಡಿ.

ನಿಮ್ಮ ಸೊಸೆ